ಕ್ವಾರ್ಟರ್‌ಬ್ಯಾಕನ್ನು ಬೈಯುವ ಮೊದಲು

ಕೆನಡಾದ ಫುಟ್‌ಬಾಲ್ ತಂಡ (ಕಾಲಲ್ಲಿ ಒದೆಯುವ ಸಾಕರ್ ಅಲ್ಲ, ಅಮೆರಿಕದವರ ಮಾದರಿಯ ಆಟ) ರಫ್‌ರೈಡರ್ಸ್ ಸಾಲಾಗಿ ಎರಡು ಪಂದ್ಯ ಸೋತರೆ ಸಾಕು, ರಿಜೈನಾ ಊರಿನ ಕಾಫಿ ಅಂಗಡಿಯಿಂದ ಹಿಡಿದು ಬಸ್ ನಿಲ್ದಾಣದವರೆಗೆ ಒಂದೇ ಜಗಳ. ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕನ್ನು ಬೆಂಚಿಗೆ ಕೂರಿಸಬೇಕಾ, ಕೋಚನ್ನು ಮನೆಗೆ ಕಳಿಸಬೇಕಾ? ಇದು ಯಾರೋ ಒಬ್ಬ ಶ್ರೀಮಂತನ ತಂಡ ಅಲ್ಲ, ಸಸ್ಕಾಚೆವಾನ್ ಪ್ರಾಂತ್ಯದ ಜನರ ತಂಡ. ಹಾಗಾಗಿ ಪ್ರತಿಯೊಬ್ಬರೂ ಮಾಲೀಕರ ಧಾಟಿಯಲ್ಲೇ ಮಾತಾಡುತ್ತಾರೆ. ಕಲ್ಲಂಗಡಿಯ ತಿರುಳು ತೆಗೆದು, ಸಿಪ್ಪೆಯನ್ನೇ ಹೆಲ್ಮೆಟ್ ಮಾಡಿಕೊಂಡು ತಲೆಗೆ ಹಾಕಿಕೊಂಡು ಬರುವವರಿಗೆ ಆ ಹಕ್ಕೂ ಇದೆ ಬಿಡಿ. ಕಪ್ ಇಲ್ಲದೆ 17 ಸೀಸನ್ ಕಳೆದ ಆರ್‌ಸಿಬಿ ಅಭಿಮಾನಿಗಳಿಗೆ ಈ ಜಗಳದ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

ಪಂದ್ಯದ ವಿಡಿಯೊವನ್ನು ತುಂಡು ತುಂಡಾಗಿ ಕತ್ತರಿಸಿ, ಯಾವ ಆಟದಲ್ಲಿ ಯಾರು ಎಲ್ಲಿ ತಪ್ಪಿದರು ಎಂದು ಗುರುತು ಹಾಕುವುದು ನನ್ನ ಉದ್ಯೋಗ. ಕಾಲೇಜು ಮಟ್ಟದ ತಂಡಗಳ ಕೆಲಸ. ವೃತ್ತಿಪರ ಲೀಗಿನ ಪಂದ್ಯಗಳನ್ನೂ ಅದೇ ಕಣ್ಣಿನಿಂದ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಇಲ್ಲಿನ ಕನ್ನಡದ ಗೆಳೆಯರು ಸಿಕ್ಕಾಗೆಲ್ಲ ಕೇಳುತ್ತಾರೆ: "ನೀವೇ ಹೇಳಿ ಸಾರ್, ತಪ್ಪು ಯಾರದು?" ನನ್ನ ಉತ್ತರ ಯಾರಿಗೂ ಇಷ್ಟ ಆಗಲ್ಲ. ಕೇಳುವವರು ಇಬ್ಬರ ಹೆಸರು ಹೇಳುತ್ತಾರೆ, ನಾನು ಮೊದಲು ನೋಡುವುದು ಕ್ವಾರ್ಟರ್‌ಬ್ಯಾಕ್ ಮುಂದೆ ಕಾವಲು ನಿಂತ ಐದು ಜನರನ್ನು, ಅಂದರೆ ಲೈನನ್ನು.

ಮೊದಲು ಆಟದ ಗುಟ್ಟು. ಕೆನಡಾದ ಫುಟ್‌ಬಾಲಿನಲ್ಲಿ ಹತ್ತು ಯಾರ್ಡ್ ಮುಂದೆ ಹೋಗಲು ಮೂರೇ ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ಅಮೆರಿಕದಲ್ಲಿ ನಾಲ್ಕು. ಇಲ್ಲಿ ಮೂರನೆಯ ಡೌನ್‌ನಲ್ಲಿ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಅಂದರೆ ನಿಜವಾಗಿ ಇರುವುದು ಎರಡೇ. ಮೊದಲ ಡೌನ್‌ನಲ್ಲಿ ಪಾಸ್ ನೆಲಕ್ಕೆ ಬಿತ್ತು ಅಂದರೆ ಎರಡನೆಯದರಲ್ಲಿ ಹತ್ತಕ್ಕೆ ಹತ್ತೂ ಬೇಕು. ಕ್ವಾರ್ಟರ್‌ಬ್ಯಾಕ್ ಪಾಸೇ ಎಸೆಯುತ್ತಾನೆ ಅಂತ ಎದುರಿನವರಿಗೆ ಗೊತ್ತು. ಅವರು ಕಣ್ಣು ಮುಚ್ಚಿ ನುಗ್ಗುತ್ತಾರೆ. ಹಾಗಾಗಿ ಎರಡನೇ ಡೌನ್‌ನಲ್ಲಿ ನೆಲಕ್ಕುರುಳಿದ ಕ್ವಾರ್ಟರ್‌ಬ್ಯಾಕನ್ನು ಜನ ಬೈಯುವಾಗ, ನಾನು ವಿಡಿಯೊವನ್ನು ಹಿಂದಕ್ಕೆ ಓಡಿಸಿ ಮೊದಲ ಡೌನ್ ನೋಡುತ್ತೇನೆ. ಅಲ್ಲಿ ಯಾವ ಆಟ ಕರೆದರು, ಯಾಕೆ ಕರೆದರು ಎನ್ನುವುದು ಕೋಚ್ ಬಳಗದ ಲೆಕ್ಕಕ್ಕೆ ಹೋಗುತ್ತದೆ.

ಈಗ ರೈಡರ್ಸ್ ಕಥೆ. 2019ರ ಮೊದಲ ಪಂದ್ಯದಲ್ಲೇ ಕ್ವಾರ್ಟರ್‌ಬ್ಯಾಕ್ ಝ್ಯಾಕ್ ಕೊಲಾರೋಸ್ ತಲೆಗೆ ಪೆಟ್ಟು ಬಿತ್ತು. ಬದಲಿಯಾಗಿ ಬಂದ ಕೋಡಿ ಫಹಾರ್ಡೊ 4,302 ಯಾರ್ಡ್ ಪಾಸ್ ಎಸೆದು ಲೀಗಿಗೇ ಮೊದಲಿಗನಾದರು. ಹೊಸ ಮುಖ್ಯ ಕೋಚ್ ಕ್ರೇಗ್ ಡಿಕಿನ್ಸನ್. ತಂಡ 13 ಗೆದ್ದು 5 ಸೋತು ಪಶ್ಚಿಮ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಕೊಲಾರೋಸ್ ಅವರನ್ನು ಟೊರಾಂಟೊಗೆ ಸಾಗಹಾಕಿದರು. ಅಲ್ಲಿಂದ ಅವರು ವಿನಿಪೆಗ್‌ಗೆ ಹೋದರು. ಆಮೇಲೆ ಆಗಿದ್ದನ್ನು ಯಾರಾದರೂ ಕಟ್ಟುಕಥೆಯಾಗಿ ಹೇಳಿದ್ದರೆ ನಂಬುತ್ತಿರಲಿಲ್ಲ. ಪಶ್ಚಿಮ ಫೈನಲ್‌ಗೆ ರಿಜೈನಾಕ್ಕೆ ಬಂದದ್ದು ಅದೇ ವಿನಿಪೆಗ್, ಅದೇ ಕೊಲಾರೋಸ್. ಪಕ್ಕೆಯ ಸ್ನಾಯು ಹರಿದುಕೊಂಡೇ ಆಡುತ್ತಿದ್ದ ಫಹಾರ್ಡೊ ಕೊನೆಯ ಆಟದಲ್ಲಿ ಎಸೆದ ಚೆಂಡು ಗೋಲ್ ಕಂಬದ ಅಡ್ಡಪಟ್ಟಿಗೆ ಬಡಿದು ಬಿತ್ತು. ಕೆನಡಾದಲ್ಲಿ ಗೋಲ್ ಕಂಬ ಇರುವುದು ಮೈದಾನದ ತುದಿಯಲ್ಲಲ್ಲ, ಗೋಲ್ ಗೆರೆಯ ಮೇಲೆಯೇ. 20-13ರಲ್ಲಿ ಸೋಲು. ಮುಂದಿನ ವಾರ ಕೊಲಾರೋಸ್ ಲೀಗಿನ ಚಾಂಪಿಯನ್ನರಿಗೆ ಸಿಗುವ ಗ್ರೇ ಕಪ್ ಎತ್ತಿದರು, 2021ರಲ್ಲಿ ಮತ್ತೊಮ್ಮೆ.

2022ಕ್ಕೆ ಬರೋಣ. ಆ ವರ್ಷ ಗ್ರೇ ಕಪ್ ಫೈನಲ್ ನಡೆಯಬೇಕಿದ್ದದ್ದು ರಿಜೈನಾದಲ್ಲೇ. ಮೊದಲ ಐದರಲ್ಲಿ ನಾಲ್ಕು ಗೆದ್ದ ತಂಡ 6-12ಕ್ಕೆ ಕುಸಿಯಿತು, ಕೊನೆಯ ಏಳೂ ಸೋಲು. ಊರೆಲ್ಲ ಫಹಾರ್ಡೊ ಮೇಲೆ ಬಿತ್ತು. ಕೊನೆಯ ಎರಡು ಪಂದ್ಯಕ್ಕೆ ಅವರನ್ನು ಕೂರಿಸಿ ಮೇಸನ್ ಫೈನ್‌ಗೆ ಅವಕಾಶ ಕೊಟ್ಟರು. ಫಹಾರ್ಡೊ ಸೀಸನ್ ಶುರುವಿನಿಂದಲೇ ಮೊಣಕಾಲು ನೋವಿನಲ್ಲಿ ಆಡಿದ್ದು ಬಹಳ ಜನರಿಗೆ ಗೊತ್ತಿತ್ತು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ ಅಂಕಿ: ಆ ಸೀಸನ್‌ನಲ್ಲಿ ರೈಡರ್ಸ್ ಕ್ವಾರ್ಟರ್‌ಬ್ಯಾಕ್‌ಗಳು 77 ಸಲ ಸ್ಯಾಕ್ ಆದರು. 18 ಪಂದ್ಯಕ್ಕೆ 77. ಪಂದ್ಯಕ್ಕೆ ನಾಲ್ಕಕ್ಕೂ ಜಾಸ್ತಿ.

ಸ್ಯಾಕ್ ಎಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು. ಅಂಕಿಪಟ್ಟಿಯಲ್ಲಿ ಅದು ಅವನ ಹೆಸರಿನ ಮುಂದೆ ಬೀಳುತ್ತದೆ. ವಿಡಿಯೊ ಬಿಡಿಸಿದರೆ ಕಥೆ ಬೇರೆಯೇ ಇರಬಹುದು. ನಾವು ಕೆಲಸದಲ್ಲಿ ಪದೇ ಪದೇ ನೋಡುವ ಒಂದು ಆಟ ಹೇಳುತ್ತೇನೆ. ಎರಡನೇ ಡೌನ್, ಹತ್ತು ಯಾರ್ಡ್ ಬೇಕು. ಚೆಂಡು ಕೈಗೆ ಬಂತು, ಕ್ವಾರ್ಟರ್‌ಬ್ಯಾಕ್ ಹಿಂದಕ್ಕೆ ಹೆಜ್ಜೆ ಹಾಕಿದ. ಲೈನಿನ ಎಡ ತುದಿಯಲ್ಲಿ ನಿಲ್ಲುವ ಟ್ಯಾಕಲ್, ಹೊರಗಿನಿಂದ ಸುತ್ತಿ ಬರುವವನನ್ನು ತಡೆಯಲು ಹೊರಕ್ಕೆ ಕಾಲಿಟ್ಟ. ಅವನಿಗೂ ಪಕ್ಕದ ಗಾರ್ಡ್‌ಗೂ ನಡುವೆ ಸಂದು ಬಿತ್ತು. ಅಲ್ಲಿಂದ ಎದುರಾಳಿಯ ಲೈನ್‌ಬ್ಯಾಕರ್ ನುಗ್ಗಿದ. ಅವನಿಗೆ ಅಡ್ಡ ನಿಲ್ಲಬೇಕಿದ್ದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಅಷ್ಟೊತ್ತಿಗೆ ಪಾಸ್ ಹಿಡಿಯಲು ಹೊರಗೋಡಿದ್ದ. ಚೆಂಡು ಬಂದು ಇನ್ನೂ ಎರಡು ಸೆಕೆಂಡ್ ಆಗಿಲ್ಲ, ಕ್ವಾರ್ಟರ್‌ಬ್ಯಾಕ್ ನೆಲದ ಮೇಲೆ. ಗ್ಯಾಲರಿಯಲ್ಲಿ ಕೂತವರಿಗೆ ಕಂಡದ್ದು ಇಷ್ಟೇ: "ಚೆಂಡು ಹಿಡ್ಕೊಂಡೇ ನಿಂತಿದ್ದ."

ಇಲ್ಲಿ ತಪ್ಪು ಯಾರದು? ರನ್ನಿಂಗ್ ಬ್ಯಾಕ್ ಮರೆತನಾ, ಅಥವಾ ಆಟದ ಪಟ್ಟಿಯಲ್ಲೇ ಅವನನ್ನು ಹೊರಗೆ ಓಡಲು ಬರೆದಿದ್ದರಾ? ಲೈನ್‌ಬ್ಯಾಕರ್ ಬರುವ ಸೂಚನೆ ಕಂಡು ಲೈನಿನ ನಡುವೆ ನಿಲ್ಲುವ ಸೆಂಟರ್ ಕೂಗಿ ಹೇಳಬೇಕಿತ್ತಾ, ಕ್ವಾರ್ಟರ್‌ಬ್ಯಾಕೇ ಹೇಳಬೇಕಿತ್ತಾ? ಇದು ತಂಡದಿಂದ ತಂಡಕ್ಕೆ ಬೇರೆ. ಹೊರಗಿನಿಂದ ವಿಡಿಯೊ ಎಷ್ಟೇ ಸಲ ನೋಡಿದರೂ ಈ ಭಾಗ ತಿಳಿಯುವುದಿಲ್ಲ. ಟಿವಿಯಲ್ಲಿ ಬಾಣ ಗುರುತು ಹಾಕಿ ಖಡಾಖಂಡಿತ ಮಾತಾಡುವ ಪರಿಣತರ ಮೇಲೆ ನನಗೆ ಅನುಮಾನ ಇರುವುದು ಇದಕ್ಕೇ. ಆದರೆ ಸಮಯ ಮಾತ್ರ ಕಾಣುತ್ತದೆ. ಎರಡೂವರೆ ಸೆಕೆಂಡ್ ಒಳಗೆ ಒತ್ತಡ ಬಂದಿದ್ದರೆ ನಾನು ಲೈನ್ ಮತ್ತು ಕೋಚ್ ಕಡೆ ಗುರುತು ಹಾಕುತ್ತೇನೆ. ಮೂರು ದಾಟಿ, ಪಾಸ್ ಹಿಡಿಯುವ ಒಬ್ಬ ರಿಸೀವರ್ ಖಾಲಿ ಇದ್ದೂ ಚೆಂಡು ಕೈ ಬಿಡದಿದ್ದರೆ ಕ್ವಾರ್ಟರ್‌ಬ್ಯಾಕ್ ಕಡೆ. ಫಹಾರ್ಡೊ ಆಟದಲ್ಲಿ ಎರಡನೆಯ ಬಗೆಯದೂ ಇತ್ತು, ಇಲ್ಲ ಅನ್ನಲ್ಲ.

ಲೈನ್ ಸರಿಯಿಲ್ಲ ಅಂದರೆ ಹೊಸಬರನ್ನು ತಂದರಾಯಿತಲ್ಲ ಅಂತ ಕೇಳಬಹುದು. ಕೆನಡಾದ ಲೀಗಿನಲ್ಲಿ ಅದು ಅಷ್ಟು ಸುಲಭ ಅಲ್ಲ. ಇಂತಿಷ್ಟು ಕೆನಡಾ ಆಟಗಾರರು ಆರಂಭದಿಂದಲೇ ಆಡಬೇಕು ಎಂಬ ನಿಯಮ ಇದೆ. ಹೆಚ್ಚಿನ ತಂಡಗಳು ಆ ಜಾಗಗಳನ್ನು ತುಂಬಿಸುವುದು ಇದೇ ಲೈನಿನಲ್ಲಿ. ಅಲ್ಲಿ ಇಬ್ಬರಿಗೆ ಗಾಯವಾದರೆ ಅಮೆರಿಕದಿಂದ ಯಾರನ್ನೋ ಕರೆಸಿ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಒಳ್ಳೆಯ ಕೆನಡಾ ಲೈನ್‌ಮನ್‌ಗಳು ಮಾರುಕಟ್ಟೆಯಲ್ಲಿ ಸುಮ್ನೆ ಸಿಗುವುದಿಲ್ಲ.

ಕೋಚ್ ಬದಲಾವಣೆಗೂ ಕಟ್ಟುಪಾಡು ಇದೆ. 2019ರಿಂದ ಲೀಗ್ ಕೋಚ್ ಮತ್ತು ಆಡಳಿತ ಸಿಬ್ಬಂದಿಯ ಸಂಬಳಕ್ಕೂ ಮಿತಿ ಹಾಕಿತು: ತಂಡಕ್ಕೆ 25.88 ಲಕ್ಷ ಕೆನಡಿಯನ್ ಡಾಲರ್, 11 ಕೋಚ್‌ಗಳು. ನಿಯಮ ಬಂದಾಗ ಕೆಲಸ ಕಳೆದುಕೊಂಡ ಕೋಚ್‌ನ ಬಾಕಿ ಸಂಬಳವೂ ಅದೇ ಮಿತಿಯೊಳಗೆ ಸೇರುತ್ತಿತ್ತು. ಹಳಬನಿಗೂ ಕೊಟ್ಟು ಹೊಸಬನಿಗೂ ಕೊಡಬೇಕು ಅಂದರೆ ಉಳಿದ ಹತ್ತು ಜನರ ತಟ್ಟೆಗೆ ಕೈ ಹಾಕಬೇಕು. ಅಭಿಮಾನಿಗಳ ಕೂಗಿಗೆ ಆಡಳಿತ ಕಿವುಡಾದಂತೆ ಕಾಣುವುದರ ಹಿಂದೆ ಎಷ್ಟೋ ಸಲ ಈ ಲೆಕ್ಕ ಇರುತ್ತದೆ.

ಅಂತೂ 2022ರ ಕೊನೆಗೆ ರೈಡರ್ಸ್ ಮಾಡಿದ್ದೇನು? ಮುಖ್ಯ ಕೋಚ್ ಡಿಕಿನ್ಸನ್ ಉಳಿದರು. ಆಕ್ರಮಣ ವಿಭಾಗದ ಕೋಚ್ ಜೇಸನ್ ಮಾಸ್ ಹೋದರು, ಫಹಾರ್ಡೊ ಹೋದರು. ಮಾಸ್ ಮಾಂಟ್ರಿಯಲ್‌ನಲ್ಲಿ ಮುಖ್ಯ ಕೋಚ್ ಆದರು. ಮಾಂಟ್ರಿಯಲ್‌ನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಹ್ಯಾರಿಸ್ ರಿಜೈನಾಕ್ಕೆ ಬಂದರು, ಅವರ ಜಾಗಕ್ಕೆ ಫಹಾರ್ಡೊ ಹೋದರು. 2023ರ ನವೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ನಡೆದ ಗ್ರೇ ಕಪ್‌ನಲ್ಲಿ ಎದುರಿಗೆ ಮತ್ತೆ ಕೊಲಾರೋಸ್‌ರ ವಿನಿಪೆಗ್. ಫಹಾರ್ಡೊ 26ರಲ್ಲಿ 21 ಪಾಸ್ ಮುಟ್ಟಿಸಿದರು. 13 ಸೆಕೆಂಡ್ ಉಳಿದಿರುವಾಗ ಟೈಸನ್ ಫಿಲ್‌ಪಾಟ್‌ಗೆ 19 ಯಾರ್ಡ್ ಟಚ್‌ಡೌನ್, 28-24. ಪಂದ್ಯಶ್ರೇಷ್ಠ ಅವರೇ. ರಿಜೈನಾ ಬೇಡ ಅಂದ ಕ್ವಾರ್ಟರ್‌ಬ್ಯಾಕ್, ರಿಜೈನಾ ಬೇಡ ಅಂದ ಕೋಚ್, ಒಂದೇ ವರ್ಷದಲ್ಲಿ ಕಪ್!

ಹಾಗಾದರೆ ಅಭಿಮಾನಿಗಳದ್ದೇ ಪೂರ್ತಿ ತಪ್ಪಾ? ನನಗೆ ಹಾಗನ್ನಿಸಲ್ಲ. ಅದೇ 2023ರಲ್ಲಿ ರೈಡರ್ಸ್ ಮತ್ತೆ 6-12, ಮತ್ತೆ ಕೊನೆಯ ಏಳೂ ಸೋಲು. ಬದಲಾಗದೆ ಉಳಿದವರಲ್ಲಿ ಮುಖ್ಯ ಕೋಚ್ ಇದ್ದರು, ಅವರ ಕಡೆ ಬೆರಳು ತೋರಿಸುವುದು ಸಹಜ. ಆದರೆ ಜುಲೈನಲ್ಲೇ ಹ್ಯಾರಿಸ್ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದರಿಂದ ಅದು ಶುದ್ಧ ಪರೀಕ್ಷೆ ಆಗಲೇ ಇಲ್ಲ. ಡಿಕಿನ್ಸನ್ ಗುತ್ತಿಗೆ ಮುಂದುವರಿಯಲಿಲ್ಲ.

ಶುದ್ಧ ಪರೀಕ್ಷೆಗೆ ಹತ್ತಿರ ಬರುವುದು ಕ್ಯಾಲ್ಗರಿಯದು. ಅಲ್ಲಿನ ಮುಖ್ಯ ಕೋಚ್ ಕ್ರೇಗ್ ಅವರ ತಮ್ಮ ಡೇವ್ ಡಿಕಿನ್ಸನ್. 2024ರಲ್ಲಿ ತಂಡ 5 ಗೆಲುವು, 12 ಸೋಲು, 1 ಸಮ. 2004ರ ನಂತರ ಮೊದಲ ಸಲ ಪ್ಲೇಆಫ್ ತಪ್ಪಿತು. ಕೋಚನ್ನು ತೆಗೆಯಿರಿ ಅಂತ ಅಲ್ಲೂ ಕೂಗೆದ್ದಿತು. ಅವರು ಕೋಚನ್ನು ಉಳಿಸಿಕೊಂಡು ಕ್ವಾರ್ಟರ್‌ಬ್ಯಾಕನ್ನು ಬದಲಾಯಿಸಿದರು. ಜೇಕ್ ಮೇಯರ್ ಹೋಗಿ ವೆರ್ನನ್ ಆ್ಯಡಮ್ಸ್ ಬಂದರು. 2025ರಲ್ಲಿ 11-7. ಇಷ್ಟು ದೊಡ್ಡ ಜಿಗಿತಕ್ಕೆ ಒಬ್ಬನೇ ಕಾರಣ ಅನ್ನಲಾರೆ. ಆದರೂ ಕ್ವಾರ್ಟರ್‌ಬ್ಯಾಕ್ ಬದಲಾದರೆ ಏನೂ ಆಗಲ್ಲ ಅನ್ನುವವರ ಬಾಯಿ ಮುಚ್ಚಿಸಲು ಸಾಕು.

ರಿಜೈನಾದಲ್ಲಿ ಉಲ್ಟಾ ನಡೆಯಿತು. 2024ಕ್ಕೆ ಹೊಸ ಮುಖ್ಯ ಕೋಚ್ ಕೋರಿ ಮೇಸ್ ಬಂದರು. ಕ್ವಾರ್ಟರ್‌ಬ್ಯಾಕ್ ಹ್ಯಾರಿಸ್ ಅವರೇ, ಜನರಲ್ ಮ್ಯಾನೇಜರ್ ಜೆರೆಮಿ ಓ'ಡೇ ಅವರೇ. ಆಕ್ರಮಣದ ಹೊಣೆ ಮಾರ್ಕ್ ಮುಲರ್ ಅವರಿಗೆ. ಇವರು 1966ರಲ್ಲಿ ತಂಡಕ್ಕೆ ಮೊದಲ ಗ್ರೇ ಕಪ್ ತಂದ ಕ್ವಾರ್ಟರ್‌ಬ್ಯಾಕ್ ರಾನ್ ಲ್ಯಾಂಕಾಸ್ಟರ್ ಮೊಮ್ಮಗ. ಆ ವರ್ಷ ಪಶ್ಚಿಮ ಫೈನಲ್‌ವರೆಗೆ ಹೋದರು. 2025ರಲ್ಲಿ 12-6, ನವೆಂಬರ್ 16ರಂದು ವಿನಿಪೆಗ್‌ನಲ್ಲಿ ಮಾಂಟ್ರಿಯಲ್ ಎದುರು 25-17. ತಂಡದ ಐದನೇ ಗ್ರೇ ಕಪ್, 2013ರ ನಂತರ ಮೊದಲನೆಯದು. ಪಂದ್ಯಶ್ರೇಷ್ಠ ಹ್ಯಾರಿಸ್.

ಹ್ಯಾರಿಸ್ ಆಟ ನೋಡಿದರೆ ಗಮನಿಸಿ, ಚೆಂಡು ಅವರ ಕೈಯಲ್ಲಿ ನಿಲ್ಲುವುದೇ ಇಲ್ಲ. ಲೈನ್ ಸ್ವಲ್ಪ ಸಡಿಲವಾದರೂ ಅದು ಮುಚ್ಚಿಹೋಗುತ್ತದೆ. ಅವರ ಜಾಗದಲ್ಲಿ ಓಡಾಡಿ ಆಡುವ ಹುಡುಗನನ್ನು ನಿಲ್ಲಿಸಿದ ದಿನ ಅದೇ ಲೈನ್, ಅದೇ ಮುಲರ್ ಬೇರೆಯಾಗಿ ಕಾಣುತ್ತಾರೆ. ಕಪ್ ಎತ್ತುವಾಗ ಹ್ಯಾರಿಸ್‌ಗೆ 39 ವರ್ಷ. ಆ ಸೀಸನ್‌ನಲ್ಲಿ ಅವರ ಹಿಂದೆ ಬೆಂಚಿನಲ್ಲಿ ಕೂತಿದ್ದವರು ಯಾರು ಗೊತ್ತಾ? ಕ್ಯಾಲ್ಗರಿ ಬೇಡ ಅಂದ ಜೇಕ್ ಮೇಯರ್.