ಇಂಗಾಲ ‘ಹೆಚ್ಚು’ ಇರುವ ತೋಟಕ್ಕೂ ಗೊಬ್ಬರ ಏಕೆ ಬೇಕು?

ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲದ ಮುಂದೆ ‘ಹೆಚ್ಚು’ ಎಂದಿರುವುದನ್ನು ಕಂಡೊಡನೆ ಶಿರಸಿ ಸೀಮೆಯ ಅಡಿಕೆ ಬೆಳೆಗಾರರಲ್ಲಿ ಅನೇಕರು ಆ ವರ್ಷ ಗೊಬ್ಬರದ ಯೋಚನೆಯನ್ನೇ ಬಿಟ್ಟುಬಿಡುತ್ತಾರೆ. ಶೇ 0.75ಕ್ಕಿಂತ ಮೇಲಿದ್ದರೆ ಹಾಗೆ ಬರೆಯುವ ವಾಡಿಕೆ ಮಣ್ಣು ಪರೀಕ್ಷೆ ಮಾಡುವ ನಮ್ಮದೇ ಆದ್ದರಿಂದ ಅದರ ಅರ್ಥವನ್ನು ಬಿಡಿಸಿ ಹೇಳುವ ಹೊಣೆಯೂ ನಮ್ಮದೇ. ಆ ಅಂಕಿ ಮಣ್ಣಿನಲ್ಲಿ ಎಷ್ಟು ಸಂಗ್ರಹವಿದೆ ಎಂಬುದನ್ನು ತಿಳಿಸುತ್ತದೆಯೇ ಹೊರತು, ಅದು ಕಳಿತು ಈ ವರ್ಷ ಬೇರಿಗೆ ಎಷ್ಟು ಸಾರಜನಕ ಒದಗಿಸುತ್ತದೆ ಎಂಬುದನ್ನಲ್ಲ.

ಈ ವ್ಯತ್ಯಾಸ ನಿಚ್ಚಳವಾಗಿ ಕಾಣುವುದು ಆರ್ಕ್ಟಿಕ್ ವಲಯದ ಟಂಡ್ರಾದಲ್ಲಿ. ಉತ್ತರದ ಹೆಪ್ಪುನೆಲಗಳಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಸಾವಯವ ಇಂಗಾಲವಿದೆಯೆಂದು ಅಂದಾಜು. ಅದು ವಾತಾವರಣದಲ್ಲಿರುವ ಇಂಗಾಲದ ಹತ್ತಿರಹತ್ತಿರ ಎರಡು ಪಟ್ಟು. ಆದರೂ ಅಲ್ಲಿನ ಗಿಡಗಳು ಸಾರಜನಕವಿಲ್ಲದೆ ಕುಬ್ಜವಾಗಿಯೇ ಉಳಿಯುತ್ತವೆ. ಬೇಸಿಗೆಯಲ್ಲಿ ಮೇಲ್ಪದರ ಮಾತ್ರ ಕರಗುತ್ತದೆ, ಕೆಳಗಿನ ಹೆಪ್ಪು ನೀರನ್ನು ಇಂಗಗೊಡುವುದಿಲ್ಲ, ಚಳಿಯೂ ಜವುಳೂ ಸೇರಿ ಸೂಕ್ಷ್ಮಜೀವಿಗಳ ಕೆಲಸವನ್ನು ನಿಧಾನಗೊಳಿಸುತ್ತವೆ. ಸಾವಯವ ಪದಾರ್ಥ ಪೂರ್ತಿ ಕಳಿಯುವವರೆಗೆ ಕಾಯಲಾಗದೆ ಅಲ್ಲಿನ ಹತ್ತಿಹುಲ್ಲು ಸಾರಜನಕವಿರುವ ಅಮೈನೊ ಆಮ್ಲಗಳನ್ನೇ ನೇರವಾಗಿ ಹೀರಿಕೊಳ್ಳುತ್ತದೆ.

ನಮ್ಮಲ್ಲಿ ಚಳಿಯಿಲ್ಲ, ಆದರೆ ಜವುಳಿದೆ. ಹಿರಿಯ ಬೆಳೆಗಾರರೊಬ್ಬರು, “ಇಂಗಾಲ ಹೆಚ್ಚೆಂದು ನೀವೇ ಬರೆದಿದ್ದೀರಲ್ಲ ತಮಾ, ಮತ್ತೆ ಮರ ಯಾಕೆ ಹಳದಿಯಾಯಿತು?” ಎಂದು ಕೇಳಿದರು. ತೋಟಕ್ಕೆ ಹೋಗಿ ನೋಡಿದರೆ ಬಸಿಗಾಲುವೆ ಹೂಳು ತುಂಬಿ, ಹಾಕಿದ ದರಕು (ಒಣ ತರಗೆಲೆ) ನೀರಿನಲ್ಲಿ ಕಪ್ಪಾಗಿ ಹಾಗೆಯೇ ಕುಳಿತಿತ್ತು. ಅವರು ಪ್ರತಿವರ್ಷ ಬೆಟ್ಟದಿಂದ ಎಷ್ಟು ಶ್ರದ್ಧೆಯಿಂದ ಸೊಪ್ಪು ತರುತ್ತಾರೆಂದು ಬಲ್ಲ ನನಗೆ ಅದನ್ನು ಕಂಡು ಸಂಕಟವಾಯಿತು.

ಹಾಗೆಂದು ರಾಸಾಯನಿಕ ಗೊಬ್ಬರ ಸುರಿದು ದರಕು ನಿಲ್ಲಿಸಬಾರದು. ಅಲಾಸ್ಕದ ಟೂಲಿಕ್ ಸರೋವರದ ಬಳಿ 1981ರಿಂದ 20 ವರ್ಷ ಸಾರಜನಕ, ರಂಜಕ ಕೊಟ್ಟ ತಾಕುಗಳಲ್ಲಿ ಗಿಡಗಳು ಹುಲುಸಾಗಿ ಬೆಳೆದವು. ಆದರೆ ಆಳದ ಮಣ್ಣು ಕಳೆದುಕೊಂಡದ್ದೇ ಹೆಚ್ಚಾಗಿ, ಒಟ್ಟಾರೆ ಚದರ ಮೀಟರಿಗೆ ಸುಮಾರು 2 ಕಿಲೋ ಇಂಗಾಲ ನಷ್ಟವಾಯಿತು. ಅಲ್ಲಿಯ ಫಲಿತಾಂಶ ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಹಾಗೆಯೇ ಅನ್ವಯಿಸುತ್ತದೆಂದು ನಾನು ಹೇಳಲಾರೆ. ಆದರೆ ಬೆಚ್ಚಗಿನ ಈ ನೆಲದಲ್ಲಿ ಕಾಲುವೆ ಬಿಡಿಸಿದ ಮೇಲೆ ಸಂಗ್ರಹ ಬೇಗ ಕರಗುವುದರಿಂದ ಸೊಪ್ಪು, ದರಕುಗಳನ್ನು ಮುಂದುವರಿಸಲೇಬೇಕು. ಮಣ್ಣಿನ ಮಾದರಿ ತರುವವರು ಮಳೆಗಾಲದಲ್ಲಿ ನೀರು ಎಲ್ಲಿ, ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನೂ ಬರೆದು ತಂದರೆ ಗೊಬ್ಬರದ ಪ್ರಮಾಣವನ್ನು ಹೆಚ್ಚು ಖಚಿತವಾಗಿ ಸೂಚಿಸಬಹುದು.