ಘಟ್ಟದ ಕಪ್ಪೆಗಳ ಹೆಸರಿನ ತಕರಾರು: ಮೂಲ ಮಾದರಿಯ ಜಾಡಿಗಳು ಏನಾದವು?

ಹೊಸ ಪ್ರಭೇದಕ್ಕೆ ಹೆಸರಿಡುವವರು ಯಾವ ಕಪ್ಪೆಯನ್ನು ನೋಡಿ ವಿವರಣೆ ಬರೆದರೋ ಅದನ್ನೇ ಜಾಡಿಯಲ್ಲಿ ಕಾಪಿಡುತ್ತಾರೆ. ಅದು ಮೂಲ ಮಾದರಿ. ಮುಂದೆ ಎರಡು ಕಪ್ಪೆಗಳು ಒಂದೇನಾ ಬೇರೆಯಾ ಎಂಬ ಪ್ರಶ್ನೆ ಬಂದರೆ ಅದನ್ನು ಹೊರತೆಗೆದು ಹೋಲಿಸುತ್ತಾರೆ. ಪಶ್ಚಿಮ ಘಟ್ಟದ ಹಲವು ಕಪ್ಪೆಗಳಿಗೆ ಈ ಆಧಾರವೇ ಇಲ್ಲ.

ಬ್ರಿಟಿಷರ ಕಾಲದಲ್ಲಿ ಸೇನಾಧಿಕಾರಿಯೂ ನಿಸರ್ಗ ತಜ್ಞನೂ ಆಗಿದ್ದ ಬೆಡ್ಡೋಮ್ ಸಂಗ್ರಹಿಸಿದ್ದರಲ್ಲಿ ಬಹಳಷ್ಟು ಲಂಡನ್ ಸೇರಿತು. 1916ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಹುಟ್ಟಿತು. ಯುದ್ಧಕಾಲದಲ್ಲಿ ವಾರಾಣಸಿಗೆ ಸಾಗಿಸಿದ್ದ ಅದರ ಸಂಗ್ರಹ 1943ರ ವರುಣಾ ನದಿಯ ಪ್ರವಾಹಕ್ಕೆ ಸಿಕ್ಕಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಕೆಂಪುಹೊಳೆ, ಕೊಟ್ಟಿಗೆಹಾರ, ಸಕಲೇಶಪುರದ ಕಡೆಯ ಕಪ್ಪೆಗಳನ್ನು ವಿವರಿಸಿದರು. ಆ ಮಾದರಿಗಳಲ್ಲಿ ಬಹುಪಾಲು ಕಳೆದುಹೋಗಿವೆ ಎಂದೇ ತಜ್ಞರು ಪರಿಗಣಿಸಿದ್ದಾರೆ.

ಕಪ್ಪೆಯನ್ನು ಕಾಪಿಡುವ ಕೆಲಸ ಕೇಳಲು ಸುಲಭ. ದೇಹ ಕೊಳೆಯದಂತೆ ಗಟ್ಟಿಮಾಡುವ, ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಟ್ರೇಯಲ್ಲಿ ಕಪ್ಪೆಯ ಬೆರಳು ಬಿಡಿಸಿ ಮಲಗಿಸಬೇಕು. ಗಟ್ಟಿಯಾದ ಮೇಲೆ ಬೆರಳ ನಡುವಿನ ಪೊರೆ ನೋಡಲಾಗದು. ದೊಡ್ಡ ಕಪ್ಪೆಯಾದರೆ ಹೊಟ್ಟೆಗೂ ಸೂಜಿಯಿಂದ ಫಾರ್ಮಲಿನ್ ಚುಚ್ಚಬೇಕು, ಇಲ್ಲವಾದರೆ ಒಳಗಿಂದ ಕೊಳೆಯುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿ ತೊಳೆದು ಶೇ 70ರ ಆಲ್ಕೋಹಾಲಿಗೆ ಹಾಕುವುದು. ಫಾರ್ಮಲಿನ್‌ನಲ್ಲೇ ವರ್ಷಗಟ್ಟಲೆ ಬಿಟ್ಟರೆ ಅದು ಆಮ್ಲೀಯವಾಗಿ ಮೂಳೆಯ ಸುಣ್ಣ ಕರಗುತ್ತದೆ. ಚೀಟಿಗೆ ಪೆನ್ಸಿಲ್ ಇಲ್ಲವೇ ಇಂಡಿಯನ್ ಇಂಕ್ ಬೇಕು. ಬಾಲ್‌ಪೆನ್ನಿನ ಅಕ್ಷರ ಆಲ್ಕೋಹಾಲಿನಲ್ಲಿ ಅಳಿಸುತ್ತದೆ. ಊರು, ದಿನಾಂಕ ಅಳಿಸಿದ ಕಪ್ಪೆಯಿಂದ ವಿಜ್ಞಾನಕ್ಕೆ ಹೆಚ್ಚೇನೂ ಸಿಗದು.

ಎಡವುವುದು ಆಮೇಲೆ. ಮುಚ್ಚಳದ ರಬ್ಬರ್ ಬಿರಿದರೆ ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುತ್ತದೆ. ಅರ್ಧಕ್ಕಿಳಿದ ಜಾಡಿಯಲ್ಲಿ ಉಳಿದದ್ದು ಶೇ 50ರಷ್ಟು ಎಂದುಕೊಳ್ಳಿ. ಅದಕ್ಕೆ ಶೇ 70ರದ್ದನ್ನೇ ಸುರಿದರೆ ಬರುವುದು ಸುಮಾರು 60. ಶೇ 90ರದ್ದು ಸುರಿದರಷ್ಟೇ 70ಕ್ಕೆ ಮರಳುತ್ತದೆ. ಅಳೆಯದೆ ತುಂಬಿಸುತ್ತಾ ಹೋದರೆ ಜಾಡಿ ತುಂಬಿಯೇ ಕಾಣುತ್ತದೆ, ಒಳಗಿನ ಕಪ್ಪೆ ಮೆತ್ತಗಾಗುತ್ತದೆ. ಆಲ್ಕೋಹಾಲಿನ ಪ್ರಮಾಣ ಅಳೆಯುವ ಹೈಡ್ರೋಮೀಟರಿನ ಬೆಲೆ ದೊಡ್ಡದೇನಲ್ಲ. ಆದರೆ ಸ್ಪಿರಿಟ್‌ಗೆ ಅಬಕಾರಿ ಪರವಾನಗಿ ಬೇಕು, ಜಾಡಿ ನೋಡಿಕೊಳ್ಳಲು ಒಬ್ಬರು ಇರಲೇಬೇಕು. ಹೊಸ ಕಟ್ಟಡಕ್ಕೆ ಹಣ ಮಂಜೂರಾದಷ್ಟು ಸಲೀಸಾಗಿ ಈ ಹುದ್ದೆಗೆ ಆಗುವುದಿಲ್ಲ. ಇದು ಬೇಸರದ ಸಂಗತಿ.

ಮೂಲ ಮಾದರಿ ಇಲ್ಲದೆ ಹೆಸರು ಗೊಂದಲಕ್ಕೆ ಬಿದ್ದರೆ ಬದಲಿ ಮಾದರಿ ಗೊತ್ತುಮಾಡಲು ನಿಯಮವಿದೆ: ಅದು ಸಾಧ್ಯವಾದಷ್ಟೂ ಮೊದಲಿನ ಜಾಗದ್ದೇ ಆಗಿರಬೇಕು, ಹಳೆಯ ವಿವರಣೆಗೆ ಹೊಂದಬೇಕು. ಜಾಗದ ಕಾಡೇ ತೋಟವಾಗಿದ್ದರೆ ಅದೂ ಕಷ್ಟ. ರಾವ್ 1920ರಲ್ಲಿ ವಿವರಿಸಿದ್ದ ಕೊಡಗಿನ ಇರುಳುಗಪ್ಪೆ ಮತ್ತೆ ಸಿಕ್ಕಿದ ಸುದ್ದಿ ಬಂದದ್ದು 91 ವರ್ಷಗಳ ನಂತರ, 2011ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಪೊದೆಗಪ್ಪೆಗಳ ಕುಲವೊಂದಕ್ಕೆ ಅವರ ನೆನಪಿನಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದರು. ಈಗ ಸಂಗ್ರಹಿಸುವವರು ಫಾರ್ಮಲಿನ್‌ಗೆ ಹಾಕುವ ಮೊದಲೇ ಯಕೃತ್ತಿನದೋ ತೊಡೆಯದೋ ಚೂರೊಂದನ್ನು ಅಚ್ಚ ಆಲ್ಕೋಹಾಲಿನಲ್ಲಿ ತೆಗೆದಿಡುತ್ತಾರೆ; ಫಾರ್ಮಲಿನ್ ಹೊಕ್ಕ ಮಾಂಸದಿಂದ ಡಿಎನ್‌ಎ ತೆಗೆಯುವುದು ಬಲು ಕಷ್ಟ.