ಗುರುತ್ವ: ಹೆಸರಿಗೆ ಗುರು, ಬಲದಲ್ಲಿ ಲಘು

ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಗುರು ಯಾವುದು, ಲಘು ಯಾವುದು ಅಂತ ಹೇಳಿಕೊಡಬೇಕಾಗಿಲ್ಲ. ಗುರು ಅಂದರೆ ಭಾರದ್ದು, ಲಘು ಅಂದರೆ ಹಗುರದ್ದು. ಗುರುತ್ವ ಎಂಬ ಪದವೂ ಅದೇ ಗುರುವಿನಿಂದ ಬಂದದ್ದು. ಹೆಸರು ಕೇಳಿದರೆ ಪ್ರಕೃತಿಯ ನಾಲ್ಕು ಬಲಗಳಲ್ಲಿ (ಗುರುತ್ವ, ವಿದ್ಯುತ್ತು ಕಾಂತ ಎರಡೂ ಸೇರಿದ ವಿದ್ಯುತ್ಕಾಂತ ಬಲ, ಪರಮಾಣು ಬೀಜದೊಳಗಿನ ಪ್ರಬಲ ಮತ್ತು ದುರ್ಬಲ ಬೈಜಿಕ ಬಲಗಳು) ಇದೇ ದೊಡ್ಡಣ್ಣ ಅನಿಸುತ್ತದೆ, ಅಲ್ವಾ? ಭೌತವಿಜ್ಞಾನದವರ ಪಟ್ಟಿ ನೋಡಿದರೆ ಅದು ಕಟ್ಟಕಡೆಯಲ್ಲಿ ಕೂತಿದೆ. ಅದೂ ಮೂರನೆಯವರಿಗಿಂತ ಒಂದು ಗೇಣು ಹಿಂದೆ ಅಲ್ಲ, ಕಣ್ಣಿಗೇ ಕಾಣದಷ್ಟು ಹಿಂದೆ.

ಮೇಜಿನ ಮೇಲೆ ಒಂದು ಗುಂಡುಸೂಜಿ ಇಡಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ಮೆಲ್ಲಗೆ ಅದರ ಮೇಲಕ್ಕೆ ತನ್ನಿ. ಇನ್ನೇನು ತಾಗಬೇಕು ಅನ್ನುವಾಗ ಸೂಜಿಯ ಒಂದು ತುದಿ ಏಳುತ್ತದೆ, ಆಮೇಲೆ ಟಕ್ ಅಂತ ಹಾರಿ ಅಂಟಿಕೊಳ್ಳುತ್ತದೆ. ಕೆಳಗಡೆಯಿಂದ ಆ ಸೂಜಿಯನ್ನು ಹಿಡಿದೆಳೆಯುತ್ತಿದ್ದದ್ದು ಇಡೀ ಭೂಮಿ. ಅದರ ದ್ರವ್ಯರಾಶಿ ಕಿಲೋ ಲೆಕ್ಕದಲ್ಲಿ 6ರ ಮುಂದೆ 24 ಸೊನ್ನೆ. ಗೆದ್ದದ್ದು ಅಂಗಿಯ ಗುಂಡಿಯಷ್ಟು ದೊಡ್ಡ ಮ್ಯಾಗ್ನೆಟ್.

ಇಷ್ಟಕ್ಕೇ ಚಪ್ಪಾಳೆ ತಟ್ಟುವುದು ಸ್ವಲ್ಪ ಮೋಸ. ಮ್ಯಾಗ್ನೆಟ್ ಸೂಜಿಯ ಪಕ್ಕದಲ್ಲೇ ಇದೆ, ಭೂಮಿಯ ಬಹುಪಾಲು ಸಾವಿರಾರು ಕಿಲೋಮೀಟರ್ ದೂರದಲ್ಲಿದೆ. ಹತ್ತಿರದವನನ್ನೂ ದೂರದವನನ್ನೂ ಹಗ್ಗಜಗ್ಗಾಟಕ್ಕೆ ನಿಲ್ಲಿಸಿದರೆ ಅದು ಎಂಥ ಪಂದ್ಯ?

ಹಾಗಾದರೆ ತೆಂಗಿನಮರದ ಹತ್ತಿರ ಹೋಗೋಣ. 15 ಮೀಟರ್ ಎತ್ತರದಿಂದ ಕಾಯಿ ಕಳಚಿ ಬಿತ್ತು ಅಂದುಕೊಳ್ಳಿ. ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 60 ಕಿಲೋಮೀಟರ್ ಹತ್ತಿರ ಇರುತ್ತದೆ. ಅಷ್ಟು ವೇಗ ಕೊಡಲು ಗುರುತ್ವಕ್ಕೆ 15 ಮೀಟರ್ ಬೇಕಾಯಿತು. ಅದನ್ನು ಪೂರ್ತಿ ಅಳಿಸಿಹಾಕಲು ತೋಟದ ಮಣ್ಣಿಗೆ ಎರಡು ಮೂರು ಸೆಂಟಿಮೀಟರ್ ಸಾಕು. ಅಂದರೆ ಮಣ್ಣು ಐನೂರು ಆರುನೂರು ಪಟ್ಟು ಜೋರಾಗಿ ತಳ್ಳಿತು. ಮಣ್ಣು ಅಂತ ಸುಮ್ನೆ ಹೇಳುತ್ತೇವೆ. ನಿಜವಾಗಿ ತಡೆದದ್ದು ಮಣ್ಣಿನ ಅಣುಗಳಲ್ಲಿರುವ ಎಲೆಕ್ಟ್ರಾನ್‌ಗಳು. ಕಾಯಿಯ ಎಲೆಕ್ಟ್ರಾನ್‌ಗಳಿಗೆ ಅವು ಜಾಗ ಬಿಟ್ಟುಕೊಡಲಿಲ್ಲ.

ಇದರಲ್ಲೂ ತಕರಾರು ತೆಗೆಯುವವರಿಗೆ ಪ್ರೋಟಾನ್‌ಗಳೇ ಸರಿ. ಎರಡನ್ನು ಎದುರುಬದುರು ಇಡೋಣ. ಎರಡಕ್ಕೂ ದ್ರವ್ಯರಾಶಿ ಇದೆ, ಹಾಗಾಗಿ ಗುರುತ್ವ ಅವನ್ನು ಹತ್ತಿರ ಎಳೆಯುತ್ತದೆ. ಎರಡರದ್ದೂ ಧನ ವಿದ್ಯುದಂಶ, ಹಾಗಾಗಿ ವಿದ್ಯುತ್ ಬಲ ದೂರ ತಳ್ಳುತ್ತದೆ. ನಡುವಿನ ದೂರ ಎರಡರಷ್ಟಾದರೆ ಎರಡೂ ಬಲಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಒಂದು ಮಿಲಿಮೀಟರ್ ಇರಲಿ, ಒಂದು ಕಿಲೋಮೀಟರ್ ಇರಲಿ, ಎರಡರ ಅನುಪಾತ ಅಷ್ಟೇ. ಇಲ್ಲಿ ಎಳೆತಕ್ಕಿಂತ ತಳ್ಳಾಟ ಎಷ್ಟು ಪಟ್ಟು ಜಾಸ್ತಿ ಅಂತ ನೋಡಿದರೆ 1ರ ಮುಂದೆ 36 ಸೊನ್ನೆ ಬರುತ್ತವೆ. ಕೋಟಿಯನ್ನು ಕೋಟಿಯಿಂದ ಗುಣಿಸುತ್ತ ಐದು ಸಲ ಬರೆದರೂ ಇನ್ನೂ ಹತ್ತರಷ್ಟು ಬಾಕಿ ಉಳಿಯುತ್ತದೆ. ಗುರುತ್ವಕ್ಕೆ ಒಂದು ಪ್ರೋಟಾನಿನ ಅಗಲದಷ್ಟು ಗೆರೆ ಎಳೆದರೆ, ವಿದ್ಯುತ್ ಬಲದ ಗೆರೆ ನಮ್ಮ ಆಕಾಶಗಂಗೆಯ ಈ ತುದಿಯಿಂದ ಆ ತುದಿ ಮುಟ್ಟಿ ಆಚೆಗೂ ಹೋಗುತ್ತದೆ.

ಹೆಸರಿನ ಗೊಂದಲ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಪುಸ್ತಕಗಳಲ್ಲಿ ದುರ್ಬಲ ಬೈಜಿಕ ಬಲ ಅಂತ ಬೇರೆಯೇ ಒಂದು ಬಲ ಬರುತ್ತದೆ. ಪರಮಾಣು ಬೀಜದ ಕೆಲವು ವಿಕಿರಣಗಳಿಗೆ ಅದು ಕಾರಣ. ಹೆಸರಿನಲ್ಲಿ ದುರ್ಬಲ ಅಂತ ಇದ್ದರೂ ಕಣಗಳ ಮಟ್ಟದಲ್ಲಿ ಅದು ಗುರುತ್ವಕ್ಕಿಂತ ಎಷ್ಟೋ ಕೋಟಿ ಕೋಟಿ ಪಟ್ಟು ಗಟ್ಟಿ. ಒಬ್ಬನಿಗೆ ದುರ್ಬಲ ಅಂತ, ಇನ್ನೊಬ್ಬನಿಗೆ ಗುರು ಅಂತ ನಾಮಕರಣ ಮಾಡಿ ಕೂತಿದ್ದೇವೆ.

ಇಷ್ಟು ಬಡಪಾಯಿ ಬಲ ಆಕಾಶವನ್ನೆಲ್ಲ ಆಳುವುದು ಹೇಗೆ? ವಿದ್ಯುತ್ತಿನ ಲೆಕ್ಕದಲ್ಲಿ ಜಮಾ ಇದೆ, ಖರ್ಚೂ ಇದೆ. ಧನ, ಋಣ ಎರಡೂ ಸರಿದೂಗಿ ಬಾಕಿ ಸೊನ್ನೆ. ನಿಮ್ಮ ಮೈಯಲ್ಲಾಗಲೀ ಚಂದ್ರನಲ್ಲಾಗಲೀ ಒಟ್ಟಾರೆ ವಿದ್ಯುದಂಶ ಇಲ್ಲವೆನ್ನುವಷ್ಟು ಕಡಿಮೆ. ಗುರುತ್ವಕ್ಕೆ ಖರ್ಚಿನ ಕಾಲಮ್ಮೇ ಇಲ್ಲ. ಋಣ ದ್ರವ್ಯರಾಶಿ ಅಂತ ಯಾರೂ ಕಂಡಿಲ್ಲ. ಹುಂಡಿಗೆ ಚಿಲ್ಲರೆ ಬಿದ್ದ ಹಾಗೆ ಬೀಳುತ್ತಲೇ ಹೋಗುತ್ತದೆ, ತೆಗೆಯುವವರಿಲ್ಲ. ಪ್ರಬಲ ಮತ್ತು ದುರ್ಬಲ ಬೈಜಿಕ ಬಲಗಳ ಕೈ ಪರಮಾಣು ಬೀಜದ ಆಚೆಗೆ ಚಾಚುವುದೇ ಇಲ್ಲ. ಕೊನೆಗೆ ಅಖಾಡದಲ್ಲಿ ಉಳಿಯುವುದು ಗುರುತ್ವ ಒಂದೇ. ಜಮಾಖರ್ಚು ಸರಿಹೋಗದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮ್ಮ ಪಾಠದಲ್ಲಿ ಒಂದು ಲೆಕ್ಕ ಕೊಟ್ಟಿದ್ದರು. ಕೈಚಾಚಿದಷ್ಟು ದೂರದಲ್ಲಿ ಇಬ್ಬರು ನಿಂತಿದ್ದಾರೆ. ಇಬ್ಬರ ಮೈಯಲ್ಲೂ ಪ್ರೋಟಾನಿಗಿಂತ ಎಲೆಕ್ಟ್ರಾನ್ ಬರೀ ಶೇ. 1ರಷ್ಟು ಜಾಸ್ತಿ ಇದ್ದರೆ, ಅವರ ನಡುವಿನ ತಳ್ಳಾಟ ಭೂಮಿಯಷ್ಟು ಭಾರವನ್ನು ಎತ್ತುವ ಮಟ್ಟಕ್ಕೆ ಹೋಗುತ್ತದೆ.

ನಕ್ಷತ್ರಗಳು ಅಷ್ಟು ದೊಡ್ಡದಾಗಿರುವುದಕ್ಕೂ ಈ ಬಡತನವೇ ಕಾರಣ. 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಒಂದು ಲೆಕ್ಕ ಹಿಡಿದು ಕೂತಿದ್ದರು. ಇಂಧನ ಮುಗಿದ ನಕ್ಷತ್ರ ತನ್ನ ತೂಕಕ್ಕೆ ತಾನೇ ಕುಸಿಯದೆ ಎಷ್ಟರವರೆಗೆ ತಡೆದುಕೊಳ್ಳಬಹುದು ಅನ್ನುವುದು ಪ್ರಶ್ನೆ. ಈಗ ಚಂದ್ರಶೇಖರ್ ಮಿತಿ ಎನ್ನುವ ಆ ಅಂಕಿ ಸೂರ್ಯನ ಸುಮಾರು 1.4 ಪಟ್ಟು. ಅಲ್ಲಿಯವರೆಗೆ ಕುಸಿತ ತಡೆಯುವುದು ಒಳಗಿನ ಎಲೆಕ್ಟ್ರಾನುಗಳೇ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಎಣಿಸಿದರೆ 1ರ ಮುಂದೆ 57 ಸೊನ್ನೆಯ ಮಟ್ಟ. ಗುರುತ್ವ ಎಲೆಕ್ಟ್ರಾನ್‌ಗಳನ್ನು ಮಣಿಸಬೇಕಾದರೆ ಅಷ್ಟು ಜನ ಸೇರಬೇಕು! ಅದು ಇನ್ನೂ ಬಲವಾಗಿದ್ದಿದ್ದರೆ ಕಡಿಮೆ ಸರಕಿಗೇ ಕೆಲಸ ಆಗುತ್ತಿತ್ತು. ಪುಟಾಣಿ ನಕ್ಷತ್ರಗಳು ಹುಟ್ಟಿ ಬೇಗ ಬೇಗ ಉರಿದು ಮುಗಿಯುತ್ತಿದ್ದವು.

ಇಲ್ಲಿಯವರೆಗೆ ದುರ್ಬಲ, ದುರ್ಬಲ ಅಂತ ನಾನೂ ಹೇಳುತ್ತಲೇ ಬಂದೆ. ಈಗ ಆ ಮಾತನ್ನೇ ಸ್ವಲ್ಪ ಅಲುಗಾಡಿಸುತ್ತೇನೆ. ಪ್ರೋಟಾನ್ ಬದಲು ಎರಡು ಅಕ್ಕಿ ಕಾಳು ತೆಗೆದುಕೊಳ್ಳಿ. ಒಂದೊಂದು ಸುಮಾರು 20 ಮಿಲಿಗ್ರಾಂ. ಒಂದೊಂದಕ್ಕೂ ಒಂದೇ ಒಂದು ಪ್ರೋಟಾನಿನಷ್ಟು ವಿದ್ಯುದಂಶ ಕೊಡಿ. ಈಗ ಯಾರು ಗೆಲ್ಲುತ್ತಾರೆ? ಗುರುತ್ವ! ಅದೂ ಸುಮಾರು 10 ಕೋಟಿ ಪಟ್ಟು ಅಂತರದಲ್ಲಿ. ಕಾಳನ್ನು ಒಡೆದು ಒಡೆದು ಹತ್ತು ಸಾವಿರದ ಒಂದು ಪಾಲಿಗೆ ಇಳಿಸಿದರೆ, ಅಂದರೆ 1.86 ಮೈಕ್ರೋಗ್ರಾಂಗೆ ತಂದರೆ, ಎರಡೂ ಬಲಗಳು ಸರಿಸಮ. ಎಲೆಕ್ಟ್ರಾನ್ ಎಂಬ ಹೆಸರು ಕೊಟ್ಟ ಐರಿಷ್ ವಿಜ್ಞಾನಿ ಜಾರ್ಜ್ ಸ್ಟೋನಿ ಅವರ ನೆನಪಿಗೆ ಈ ತೂಕಕ್ಕೆ ಸ್ಟೋನಿ ದ್ರವ್ಯರಾಶಿ ಅನ್ನುತ್ತಾರೆ. ಇದರ ಹತ್ತಿರದ ಬಂಧುವೇ ಪ್ಲಾಂಕ್ ದ್ರವ್ಯರಾಶಿ, ಸುಮಾರು 22 ಮೈಕ್ರೋಗ್ರಾಂ. ಗುರುತ್ವ, ಬೆಳಕಿನ ವೇಗ, ಕ್ವಾಂಟಂ ನಿಯಮ ಈ ಮೂರನ್ನೇ ಇಟ್ಟುಕೊಂಡು ಪ್ರಕೃತಿ ತಾನೇ ಒಂದು ತೂಕದ ಬಟ್ಟು ಮಾಡಿಕೊಂಡರೆ ಅದು ಇಷ್ಟಿರುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ವಿದ್ಯುದಂಶಕ್ಕೆ ಪ್ರಕೃತಿಯೇ ಕೊಟ್ಟ ಚಿಲ್ಲರೆ ಇದೆ, ಪ್ರೋಟಾನಿನದ್ದು ಒಂದು. ದ್ರವ್ಯರಾಶಿಗೆ ಹಾಗೆ ಒಂದು ಅಂತ ಯಾವುದನ್ನು ಹಿಡಿಯಬೇಕು? ಪ್ಲಾಂಕ್ ಬಟ್ಟು ಹಿಡಿದರೆ ಗುರುತ್ವ ದುರ್ಬಲವೇ ಅಲ್ಲ. ಪ್ರೋಟಾನನ್ನು ಹಿಡಿದರೆ ಅದು ಆ ಬಟ್ಟಿನ ಮುಂದೆ 1ರ ಮುಂದೆ 19 ಸೊನ್ನೆಯಷ್ಟು ಪಟ್ಟು ಹಗುರ. ಬಲದ ಲೆಕ್ಕದಲ್ಲಿ ಎರಡೂ ಕಡೆಯ ದ್ರವ್ಯರಾಶಿ ಗುಣಿಸಿಕೊಳ್ಳುತ್ತವೆ, ಹಾಗಾಗಿ 19 ಸೊನ್ನೆ 38 ಆಗುತ್ತದೆ (ಹಿಂದೆ ಕಂಡ 36 ಸೊನ್ನೆ ವಿದ್ಯುತ್ ಬಲದ ಜೊತೆಗಿನ ಹೋಲಿಕೆ, ಇದು ಪ್ಲಾಂಕ್ ಬಟ್ಟಿನ ಜೊತೆಗಿನದು). ಗುರುತ್ವ ಯಾಕೆ ಇಷ್ಟು ದುರ್ಬಲ ಅಂತ ಕೇಳುವ ಬದಲು, ಪ್ರೋಟಾನ್ ಯಾಕೆ ಇಷ್ಟು ಹಗುರ ಅಂತ ಕೇಳಬೇಕು.

ಹಾಗೆ ಕೇಳಿದವರಲ್ಲಿ ಭೌತವಿಜ್ಞಾನಿ ಫ್ರಾಂಕ್ ವಿಲ್ಚೆಕ್ ಒಬ್ಬರು. ಅವರ ಹತ್ತಿರ ಉತ್ತರವೂ ಇತ್ತು. ಪ್ರೋಟಾನಿನ ತೂಕದ ಬಹುಪಾಲು ಅದರೊಳಗಿರುವ ಇನ್ನೂ ಚಿಕ್ಕ ಕಣಗಳಾದ ಕ್ವಾರ್ಕ್‌ಗಳ ಸ್ವಂತ ತೂಕ ಅಲ್ಲ. ಪ್ರಬಲ ಬಲ ಅವನ್ನು ಪುಟ್ಟ ಜಾಗದಲ್ಲಿ ಕಟ್ಟಿಹಾಕಿದಾಗ ಸೇರಿಕೊಳ್ಳುವ ಶಕ್ತಿಯೇ ತೂಕವಾಗಿ ಕಾಣುತ್ತದೆ. ಈ ಪ್ರಬಲ ಬಲ ತೀರಾ ಹತ್ತಿರದಲ್ಲಿ ಮೆತ್ತಗಿದ್ದು ದೂರ ಹೋದ ಹಾಗೆ ಬಿಗಿಯಾಗುತ್ತದೆ. 1973ರಲ್ಲಿ ಇದನ್ನು ತೋರಿಸಿದ್ದಕ್ಕೆ ವಿಲ್ಚೆಕ್, ಡೇವಿಡ್ ಗ್ರಾಸ್, ಡೇವಿಡ್ ಪೊಲಿಟ್ಜರ್ ಮೂವರಿಗೂ 2004ರ ನೊಬೆಲ್ ಬಂತು. ಆದರೆ ಆ ಬಿಗಿ ಏರುವುದು ಬಹಳ ನಿಧಾನ. ಸಣ್ಣ ಉರಿಯಲ್ಲಿಟ್ಟ ಸಕ್ಕರೆ ಪಾಕ ಒಂದೆಳೆ ಹದಕ್ಕೆ ಬರಬೇಕಾದರೆ ಹೊತ್ತು ಹಿಡಿಯುತ್ತದಲ್ಲ, ಹಾಗೆ. ಪ್ಲಾಂಕ್ ಬಟ್ಟಿಗೆ ಹೊಂದುವ ಅತಿ ಪುಟ್ಟ ದೂರದಿಂದ ಹೊರಟು ಕ್ವಾರ್ಕ್‌ಗಳನ್ನು ಕಟ್ಟುವ ಹದ ಬರುವಷ್ಟರಲ್ಲಿ ದೂರ ಎಷ್ಟೋ ಪಟ್ಟು ಬೆಳೆದುಬಿಟ್ಟಿರುತ್ತದೆ. ಕಣಗಳ ಲೋಕದಲ್ಲಿ ಜಾಗ ಅಗಲವಾದಷ್ಟೂ ಶಕ್ತಿ ಕಡಿಮೆ. ಶಕ್ತಿ ಕಡಿಮೆಯಾದರೆ ತೂಕವೂ ಕಡಿಮೆ. ಪ್ರೋಟಾನ್ ಹಗುರವಾದದ್ದು ಹೀಗೆ.

ಬೇರೆ ಮೂಲಕಣಗಳಿಗೆ ದ್ರವ್ಯರಾಶಿ ಬರುವುದರ ಜೊತೆ ನಂಟಿರುವ ಹಿಗ್ಸ್ ಕಣ ಮಾತ್ರ ಈ ವಿವರಣೆಗೆ ಬಗ್ಗುವುದಿಲ್ಲ. 2012ರ ಜುಲೈ 4ರಂದು ಯುರೋಪಿನ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನವರು ಸಿಕ್ಕಿತು ಅಂತ ಹೇಳಿದ ಈ ಕಣದ ತೂಕ ಪ್ರೋಟಾನಿನ ಸುಮಾರು 133 ಪಟ್ಟು. ಆದರೂ ಪ್ಲಾಂಕ್ ಬಟ್ಟಿನ ಮುಂದೆ 17 ಸೊನ್ನೆ ಹಿಂದೆ. ಕ್ವಾಂಟಂ ಲೆಕ್ಕದ ಪ್ರಕಾರ ಅದರ ತೂಕವನ್ನು ಮೇಲಕ್ಕೆ ಎಳೆಯುವ ಕೈಗಳು ಬೇಕಾದಷ್ಟಿವೆ. ಆದರೂ ಅದು ಕೆಳಗೇ ಕೂತಿದೆ. ಇದಕ್ಕೆ ಹೈರಾರ್ಕಿ ಪ್ರಾಬ್ಲಂ ಅನ್ನುತ್ತಾರೆ. ಪ್ರತಿ ಕಣಕ್ಕೂ ಜೋಡಿಕಣ ಒಂದಿದ್ದರೆ ಆ ಎಳೆತಗಳು ಪರಸ್ಪರ ವಜಾ ಆಗುತ್ತವೆ ಅಂತ ಬಹಳ ಜನ ನಂಬಿದ್ದರು. ಅದೇ ಪ್ರಯೋಗಾಲಯದ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಹುಡುಕಿದರೂ ಜೋಡಿಕಣಗಳು ಸಿಕ್ಕಿಲ್ಲ.

1998ರಲ್ಲಿ ನಿಮಾ ಅರ್ಕಾನಿ-ಹಮೆದ್, ಸವಾಸ್ ದಿಮೊಪೌಲೋಸ್, ಗಿಯಾ ದ್ವಾಲಿ ಇನ್ನೊಂದು ದಾರಿ ಹೇಳಿದರು. ಗುರುತ್ವ ನಿಜಕ್ಕೂ ಬಲವಾಗಿಯೇ ಇದೆ, ನಮಗೆ ಕಾಣದ ಆಯಾಮಗಳಿಗೆ ಸೋರಿಹೋಗುತ್ತಿದೆ ಅಂತ. ಕಾಲುವೆಯ ನೀರು ದಾರಿಯುದ್ದಕ್ಕೂ ಬಿರುಕಿಗೆ ಇಳಿದು ಕೊನೆಯ ಗದ್ದೆಗೆ ತೊಟ್ಟು ಮುಟ್ಟುವ ಹಾಗೆ. ಕೇಳಲು ಬಹಳ ಚೆಂದ. ಅದು ನಿಜವಾದರೆ ತೀರಾ ಹತ್ತಿರದಲ್ಲಿ ಅಳೆದಾಗ ಗುರುತ್ವ ನ್ಯೂಟನ್ನನ ಲೆಕ್ಕಕ್ಕಿಂತ ಜೋರಾಗಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು 2020ರಲ್ಲಿ 52 ಮೈಕ್ರೋಮೀಟರ್‌ವರೆಗೆ, ಅಂದರೆ ತಲೆಗೂದಲಿನಷ್ಟು ಸಣ್ಣ ಅಂತರದವರೆಗೆ, ಇಳಿದು ನೋಡಿತು. ನ್ಯೂಟನ್ನನ ಲೆಕ್ಕ ಅಲ್ಲೂ ಅಲುಗಲಿಲ್ಲ.

ಇಂಥ ಅಳತೆಗಳ ಪಾಡು ಕೇಳಬೇಡಿ. 1798ರಲ್ಲಿ ಫಲಿತಾಂಶ ಪ್ರಕಟಿಸಿದ ಹೆನ್ರಿ ಕ್ಯಾವೆಂಡಿಷ್ 158 ಕಿಲೋದ ಸೀಸದ ಗುಂಡುಗಳನ್ನು ಬಳಸಿದ್ದರು. ತಮ್ಮ ಮೈಯ ಬಿಸಿಗೆ ಗಾಳಿ ಅಲುಗಿದರೂ ಲೆಕ್ಕ ಕೆಡುತ್ತದೆ ಅಂತ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡಿದರು. 2021ರಲ್ಲಿ ವಿಯೆನ್ನಾದ ಒಂದು ತಂಡ ಅಳೆದದ್ದು 90 ಮಿಲಿಗ್ರಾಂನ ಚಿನ್ನದ ಗುಂಡಿನ ಎಳೆತವನ್ನು. ನಾಲ್ಕೈದು ಅಕ್ಕಿ ಕಾಳಿನ ತೂಕ, ಎರಡು ಮಿಲಿಮೀಟರ್ ಅಗಲ. ಊರಿನ ಓಡಾಟದ ಅದುರಾಟವೂ ಅಳತೆ ಕೆಡಿಸುತ್ತದೆ ಅಂತ, ಬೀದಿಗಳು ಸದ್ದಡಗುವ ಕ್ರಿಸ್‌ಮಸ್ ಹೊತ್ತಿಗೆ ಕಾದು ಅಳೆದರು. ಎರಡು ಗುಂಡುಗಳ ನಡುವೆ ತೆಳುವಾದ ಲೋಹದ ತೆರೆಯನ್ನೂ ಕಟ್ಟಿದ್ದರು, ಎಲ್ಲಿಂದಾದರೂ ನಾಲ್ಕು ಎಲೆಕ್ಟ್ರಾನ್ ಬಂದು ಕೂತು ಕೆಲಸ ಕೆಡಿಸದಿರಲಿ ಅಂತ.